ಅರಿಷಿಣ ಕೆಂಪಾದರೆ ನನ್ನ ತಪ್ಪೇ?

ನಾನು ಪುಕ್ಕಲ. ನಾಯಿ ಬೊಗಳಿದರೂ ಓಣಿ ಬದಲಿಸುವವನು. ಆದರೆ ಯಾರಾದರೂ ‘ಇದನ್ನು ಮಾಡಬೇಡ’ ಎಂದರೆ ಮಾತ್ರ ನನ್ನ ಕೈ ಸುಮ್ಮನಿರುವುದಿಲ್ಲ. ಈ ದುರ್ಗುಣದಿಂದಾಗಿ ಒಂದು ಚಿಟಿಕೆ ಅರಿಷಿಣಕ್ಕೆ ನನ್ನ ನೌಕರಿ ಎರಡು ಸಲ ತೂಗಾಡಿದೆ.

ಆಗ ಮಕ್ತಲ್ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ನಮ್ಮ ಪ್ರಯೋಗಶಾಲೆ ಎಂದರೆ ಒಂದೇ ಒಂದು ಗಾಜಿನ ಲೋಟ, ಅದೂ ಬಿರುಕು ಬಿಟ್ಟದ್ದು. ಅರಿಷಿಣದ ನೀರಿಗೆ ಸುಣ್ಣದ ತಿಳಿ ಬೆರೆಸಿದರೆ ಕೆಂಪು, ನಿಂಬೆ ಹಿಂಡಿದರೆ ಮತ್ತೆ ಹಳದಿ. ನನ್ನ ವಿದ್ಯೆ ಅಲ್ಲಿಗೆ ಮುಗಿಯುತ್ತಿತ್ತು. ನಿಜಾಮರ ಕೊನೆಯ ದಿನಗಳಲ್ಲಿ ಶಾಲೆಯ ತಪಾಸಣೆಗೆ ಬಂದ ಸಾಹೇಬರ ಮುಂದೆ ಸುಣ್ಣ ಬೆರೆಸಿದೆ. ಲೋಟದ ಜೊತೆಗೆ ಅವರ ಮುಖವೂ ಕೆಂಪಾಯಿತು.

“ಮಾಸ್ತರ್, ಹಳದಿ ನಿಜಾಮ್ ಹುಜೂರರ ಝಂಡಾದ ಬಣ್ಣ ಐತಿ. ಅದನ್ನ ಕಮ್ಯುನಿಸ್ಟರ ಕೆಂಪು ಮಾಡಾಕ ಹತ್ತೀರೇನು? ಬಂದ್ ಮಾಡ್ರಿ, ಇಲ್ಲಾ ನೌಕರಿ ಬಿಡ್ರಿ!”

ಮರುದಿನ ಮನೆಯಿಂದ ಇನ್ನೊಂದು ಲೋಟ ತಂದು ಎರಡರಲ್ಲೂ ಅದನ್ನೇ ಮಾಡಿದೆ. ಅಷ್ಟು ಹೊತ್ತಿಗೆ ಸಾಹೇಬರು ಗದ್ವಾಲದ ಹಾದಿ ಹಿಡಿದಿದ್ದರೆಂಬುದು ಬೇರೆ ಮಾತು.

ಪೊಲೀಸ್ ಕಾರ್ಯಾಚರಣೆಯಾಯಿತು, ನಿಜಾಮರ ಹಳದಿ ಬಾವುಟ ಇಳಿಯಿತು. ಇನ್ನು ನನ್ನ ಅರಿಷಿಣಕ್ಕೂ ಬಿಡುಗಡೆ ಎಂದುಕೊಂಡೆ. ಹೊಸ ಸಾಹೇಬರು ಬಂದರು. ಸುಣ್ಣ ಬೆರೆಸುವಾಗ ಗಂಟಲು ಕೆರೆದುಕೊಂಡು ಕೆಂಪನ್ನು ಹೇಗೋ ಸಹಿಸಿದರು. ನಿಂಬೆ ಹಿಂಡಿದ್ದೇ ತಡ, ಎದ್ದು ನಿಂತರು.

“ಏನ್ರೀ ಮಾಸ್ತರ್ರ, ಹೋದ ಹಳದೀನ ತಿರುಗಿ ತರಾಕ ಹೊಂಟೀರೇನು? ವರದಿ ಬರೀತೀನಿ ನೋಡ್ರಿ!”

ನನಗೂ ರೇಗಿತು. “ಬರೀರಿ ಸಾಹೇಬ್ರ. ನೌಕರಿ ಹೋದ್ರ ಹೋಗ್ಲಿ. ಯಾವ ಸರಕಾರ ಬಂದ್ರೂ ಅರಿಷಿಣ ಸುಣ್ಣಕ್ಕ ಕೆಂಪ ಆಗ್ತದ, ನಿಂಬಿಗೆ ಹಳದಿ ಆಗ್ತದ. ನಾಳೆನೂ ಮಾಡ್ತೀನಿ!”

ಸಾಹೇಬರು ನನ್ನನ್ನೊಮ್ಮೆ, ಲೋಟವನ್ನೊಮ್ಮೆ ನೋಡಿ, ವರದಿಯ ಪುಸ್ತಕ ಮುಚ್ಚಿ ಹೊರಟುಹೋದರು.

ಸಂಜೆ ಮನೆಗೆ ಬಂದಾಗ, ಗೆದ್ದ ಗಂಡನಿಗೆ ದೃಷ್ಟಿ ತೆಗೆಯಲೆಂದು ನನ್ನ ಹೆಂಡತಿ ಹೊಸ್ತಿಲಲ್ಲೇ ನಿಲ್ಲಿಸಿದಳು. ತಟ್ಟೆಯ ಅರಿಷಿಣದ ನೀರಿಗೆ ಬೆರಳ ತುದಿಯಷ್ಟು ಸುಣ್ಣ ಕಲಸಿದಳು. ನೀರು ಕೆಂಪಾಯಿತು.

“ಇದಕ್ಕ ಇಷ್ಟು ಜಗಳೇನ್ರೀ? ನಾವು ಹೆಂಗಸರು ಹಬ್ಬಹುಣ್ಣಿವಿಗೆ ಮಾಡ್ಕೋತನ ಬಂದೀವಿ, ಒಬ್ಬ ಸಾಹೇಬನೂ ಕೇಳಿಲ್ಲ. ಅದಿರ್ಲಿ, ಇದು ಕೆಂಪ ಯಾಕ ಆಗ್ತದ?”

ಎರಡು ಸರಕಾರಗಳಿಗೆ ಎದೆಗೊಟ್ಟ ನಾನು ಪಾಠಪುಸ್ತಕ ನೆನಪಿಸಿಕೊಂಡೆ. ಪುಸ್ತಕದಲ್ಲಿ ‘ಆಗುತ್ತದೆ’ ಎಂದಷ್ಟೇ ಇತ್ತು. ಯಾಕೆಂದು ಆ ಇಬ್ಬರು ಸಾಹೇಬರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಅವಳು ತಟ್ಟೆ ಹಿಡಿದು ಉತ್ತರಕ್ಕೆ ಕಾದೇ ಇದ್ದಳು.

“ಬಂದ್ ಮಾಡು!” ಎಂದು ಗದರಿದೆ, ಥೇಟು ಹಳೆಯ ಸಾಹೇಬರ ದನಿಯಲ್ಲಿ.