ಹನ್ನೊಂದನೆಯವರಿಗೆ ಜಾಗವಿಲ್ಲ

ಲತಾಮಣಿ: ರೀ, ಹೆಂಡತಿಯಾಗಿ ಕೇಳ್ತಿಲ್ಲ. ಹೆಡ್‌ಮಿಸ್ಟ್ರೆಸ್ ಆಗಿ ಕೇಳ್ತಿದ್ದೀನಿ. ನನ್ನ ಹೆಸರು ಸೇರಿಸ್ತೀರೋ ಇಲ್ವೋ?

ಲಕ್ಷ್ಮೀಶ: ಯಾರಾಗಿ ಕೇಳಿದ್ರೂ ಜಾಗ ಹತ್ತೇ ಕಣೇ. ಹತ್ತೂ ತುಂಬಿದೆ.

ಅದು ಎರಡು ಸಾವಿರದ ಆರನೇ ಇಸವಿ. ಬೇಲೂರಿನ ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಎಲ್ಲರಿಗೂ ಸೇರಿ ಇದ್ದದ್ದು ಒಂದೇ ಕಂಪ್ಯೂಟರು. ಅದರ ಪರೀಕ್ಷಾ ಖಾತೆಯನ್ನು ಅಲ್ಲಿಂದಾಗಲಿ, ಬೇರೆ ಊರಿನಿಂದಾಗಲಿ ತೆರೆಯಲು ಹತ್ತೇ ಜನರಿಗೆ ಅನುಮತಿ; ಆ ಹತ್ತು ಜನ ಯಾರು ಎಂದು ಪಟ್ಟಿ ಮಾಡುವವರು ಗುಮಾಸ್ತ ಲಕ್ಷ್ಮೀಶ. ಫೋನಿನ ಆ ಕಡೆ, ಹಳೇಬೀಡಿನ ಶಾಲೆಯಲ್ಲಿ, ಅವರ ಹೆಂಡತಿ. ಸೌಂದರ್ಯ ಎಂಬ ಹುಡುಗಿಯ ಹೆಸರು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕಳಿಸುವಾಗ ಬಿಟ್ಟುಹೋಗಿತ್ತು. ಸಂಜೆ ಐದರೊಳಗೆ ಸೇರದಿದ್ದರೆ ಅವಳ ಒಂದು ವರ್ಷ ಮಣ್ಣುಪಾಲು. ಗಡಿಯಾರ ಆಗಲೇ ನಾಲ್ಕೂವರೆ ದಾಟಿತ್ತು.

ಲಕ್ಷ್ಮೀಶ: ಹೆಸರು ಹೇಳು, ನಾನೇ ಟೈಪ್ ಮಾಡ್ತೀನಿ.

ಲತಾಮಣಿ: ಫೋಟೋ, ಸಹಿ ಎಲ್ಲಾ ಇಲ್ಲಿನ ಕಂಪ್ಯೂಟರಲ್ಲಿದೆ. ಫೋಟೋನ ಫೋನಲ್ಲಿ ಹೇಳ್ಲಾ? ಯಾರಾದ್ರೂ ಒಬ್ಬರನ್ನ ತೆಗೀರಿ.

ಲಕ್ಷ್ಮೀಶ: ತೆಗಿಯೋದಾ! ಲಗ್ನಪತ್ರಿಕೇಲಿ ಹೆಸರು ಬಿಟ್ಟ ಹಾಗಾಗುತ್ತೆ.

ಲತಾಮಣಿ: ಮೊದಲು ಯಾರಿದ್ದಾರೆ?

ಲಕ್ಷ್ಮೀಶ: ಬೋರಯ್ಯನೋರು.

ಲತಾಮಣಿ: ರಿಟೈರಾಗಿ ಎರಡು ವರ್ಷ ಆಯ್ತಲ್ರೀ! ಮನೇಲಿ ಕಂಪ್ಯೂಟರೂ ಇಲ್ಲ.

ಲಕ್ಷ್ಮೀಶ: ಮಂಗಳವಾರ ಬಂದಾಗೆಲ್ಲ ತಮ್ಮ ಹೆಸರು ಮೇಲೇ ಇದೆಯಾ ಅಂತ ನೋಡಿಯೇ ಅವರು ಕೂರೋದು.

ಲತಾಮಣಿ: ಶಾಂತಾದೇವಿ? ಅವರಿಗೆ ಅರಸೀಕೆರೆಗೆ ವರ್ಗ ಆಯ್ತಲ್ಲ.

ಲಕ್ಷ್ಮೀಶ: ಸಾವಿತ್ರಮ್ಮನ ಕೆಳಗೆ ಹಾಕಿದ್ದಕ್ಕೇ ಒಂದು ತಿಂಗಳು ಮಾತು ಬಿಟ್ಟಿದ್ರು. ಪೂರಾ ತೆಗೆದ್ರೆ?

ಲತಾಮಣಿ: ದ್ಯಾವಯ್ಯನೋರು?

ಲಕ್ಷ್ಮೀಶ ದನಿ ತಗ್ಗಿಸಿದರು.

ಲಕ್ಷ್ಮೀಶ: ಇದ್ದಾರೆ.

ಲತಾಮಣಿ: ಎಲ್ಲಿದ್ದಾರೆ? ಶ್ರಾವಣದಲ್ಲೇ ತೀರ್ಕೊಂಡ್ರಲ್ರೀ!

ಲಕ್ಷ್ಮೀಶ: ಪಟ್ಟೀಲಿದ್ದಾರೆ. ವರ್ಷದ ತಿಥಿ ಆಗ್ಲಿ. ಅಷ್ಟರೊಳಗೆ ತೆಗೆದ್ರೆ ಮನೆಯೋರು ಏನಂದ್ಕೋತಾರೆ?

ಲತಾಮಣಿ: ಹುಡುಗಿ ಇಲ್ಲೇ ಕೂತಿದ್ದಾಳೆ, ಬೆಳಿಗ್ಗೆಯಿಂದ ಅನ್ನ ಮುಟ್ಟಿಲ್ಲ. ಅವಳೇನಂದ್ಕೋತಾಳೆ ಅಂತ ಬೇಡ್ವಾ?

ಲಕ್ಷ್ಮೀಶರೇನು ಕಲ್ಲುಮನಸ್ಸಿನವರಲ್ಲ, ಪಾಪ, ದಾಕ್ಷಿಣ್ಯದವರು, ಅಷ್ಟೇ. ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ನೋಡಿದರು. ಬೇಸರ ಮಾಡಿಕೊಳ್ಳದವರು ಒಬ್ಬರೇ ಒಬ್ಬರು ಕಂಡರು. ಆ ಹೆಸರು ಅಳಿಸಿ ಹೆಂಡತಿಯದನ್ನು ಸೇರಿಸಿದರು.

ಹತ್ತು ನಿಮಿಷದ ಮೇಲೆ ಮತ್ತೆ ಫೋನು ಬಡಿದುಕೊಂಡಿತು.

ಲತಾಮಣಿ: ಸೇರ್ತು ಕಣ್ರೀ! ಹುಡುಗಿ ಅಳ್ತಾ ಅಳ್ತಾನೇ ನಗ್ತಿದ್ದಾಳೆ. ನೀವೂ ಒಂದ್ಸಲ ಖಾತೆ ತೆರೆದು ನೋಡಿಬಿಡಿ.

ಲಕ್ಷ್ಮೀಶ: ಆಗಲ್ಲ. ಅನುಮತಿ ಇಲ್ಲ ಅಂತಿದೆ.

ಲತಾಮಣಿ: ಯಾರಿಗೆ?

ಲಕ್ಷ್ಮೀಶ: ನನಗೆ.

ಲತಾಮಣಿ: ನಿಮ್ಮನ್ನೇ ತೆಗೆದುಬಿಟ್ರಾ?

ಲಕ್ಷ್ಮೀಶ: ನಾನಾದ್ರೆ ಬೇಜಾರ್ ಮಾಡ್ಕೊಳ್ಳಲ್ಲ ಅಂತ ತೆಗೆದೆ.

ಲತಾಮಣಿ: ದೊಡ್ಡ ಕೆಲಸ ಮಾಡಿದ್ರಿ ಬಿಡಿ. ಬೇಗ ಮನೆಗೆ ಬನ್ನಿ, ಪಾಯಸ ಮಾಡ್ತೀನಿ.

ಲಕ್ಷ್ಮೀಶ: ನನಗೇನೂ ಬೇಡ.

ಲತಾಮಣಿ: ಯಾಕ್ರೀ?

ಲಕ್ಷ್ಮೀಶ: ಆರು ವರ್ಷದಿಂದ ಇದೇ ಕುರ್ಚೀಲಿ ದುಡೀತಿದ್ದೀನಿ. ಹೇಳದೆ ಕೇಳದೆ ಹೆಸರು ತೆಗೆದಿದ್ದಾರೆ.

ಲತಾಮಣಿ: ತೆಗೆದೋರು ನೀವೇ ಅಲ್ವೇನ್ರೀ!

ಲಕ್ಷ್ಮೀಶ: ಯಾರಾದ್ರೇನು? ಒಂದು ಮಾತು ಹೇಳ್ಬಹುದಿತ್ತು.