ನನ್ನ ಹೆಂಡತಿಯ ಮೊಣಕೈ ಅಳತೆ

ಕಲ್ಲು-ಗಾರೆಯ ಗೌಂಡಿ ಕೆಲಸ ಮಾಡುವ ನನ್ನಂಥವನು ನಗಲು ಬೇರೆಲ್ಲೂ ಹೋಗಬೇಕಾಗಿಲ್ಲ. ಯಾರದಾದರೂ ಅಡುಗೆಮನೆಗೆ ಕಾಲಿಟ್ಟರೆ ಸಾಕು. ಎಂಬತ್ತರ ದಶಕದಲ್ಲಿ ಕುಂದಗೋಳದ ಕಡೆ ಹಳ್ಳಿಗಳಿಗೂ ಗ್ಯಾಸ್ ಬಂತು. ನೆಲದ ಒಲೆಯ ಮುಂದೆ ಕೂತಿದ್ದ ಹೆಂಗಸರು ಎದ್ದು ನಿಂತು, ಕಡಪಾ ಕಲ್ಲಿನ ಅಡುಗೆಕಟ್ಟೆ ಬೇಕೆಂದರು. ಮೊದಲು ಕೇಳಿದವಳು ನನ್ನ ಹೆಂಡತಿ. ಅವಳನ್ನು ನಿಲ್ಲಿಸಿ, ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ ಅಳತೆ ಹಿಡಿದು ದಾರಕ್ಕೆ ಗಂಟು ಹಾಕಿದೆ. "ಮುಂದಿನ ವಾರ ನಮ್ಮದು" ಎಂದೆ. ದಾರ ಕಿಸೆಯಲ್ಲಿಟ್ಟುಕೊಂಡು ಊರವರ ಕೆಲಸಕ್ಕೆ ಹೋದೆ.

೧. ಅಜ್ಜಿಯ ಗದ್ದುಗೆ

ಯರಗುಪ್ಪಿಯ ಒಂದು ಮನೆಯಲ್ಲಿ ಕಟ್ಟೆ ಹಾಕಿ, ಹತ್ತು ದಿನ ಬಿಟ್ಟು ನೋಡಲು ಹೋದೆ. ಆ ಮನೆಯ ಅಜ್ಜಿ ಕಟ್ಟೆಯ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತು, ಪಕ್ಕದಲ್ಲಿ ಒಲೆ ಇಟ್ಟುಕೊಂಡು ರೊಟ್ಟಿ ಬಡಿಯುತ್ತಿದ್ದಳು.

"ಅಜ್ಜೀ, ಇಳೀರಿ! ಅದು ನಿಂತ ಅಡಗಿ ಮಾಡಾಕ ಐತ್ರಿ!"

"ನಿಂತ ರೊಟ್ಟಿ ಬಡ್ಯಾಕ ನನಗೇನ ಬಸ್ಸ ಹಿಡಿಯೂದ ಐತೇನ? ಕಲ್ಲ ಗಟ್ಟಿ ಐತಿಲ್ಲೋ, ಅಷ್ಟ ಹೇಳಪಾ."

೨. ಅಕ್ಕೋರ ನಡ

ನಮ್ಮೂರ ಸಾಲಿಯಲ್ಲಿ ಪಾಠ ಹೇಳುವ ಅಕ್ಕೋರು ಅಗದಿ ಎತ್ತರ. ಅವರ ಕಟ್ಟೆಯನ್ನೂ ಅದೇ ದಾರದಿಂದ ಅಳೆದು ಹಾಕಿದ್ದೆ. ತಿಂಗಳಾದ ಮೇಲೆ ದಾರಿಯಲ್ಲೇ ಹಿಡಿದು ನಿಲ್ಲಿಸಿದರು.

"ಬಗ್ಗಿ ಬಗ್ಗಿ ನನ್ನ ನಡ ಹೋತು. ಯಾರ ಅಳತಿ ಇದು?"

"ನಮ್ಮನಿಯಾಕಿದ್ರಿ."

"ಹಂಗಾರ ಆಕೀನ್ನ ಕಳಸು. ಆಕೀನ ಮಾಡಲಿ ಅಡಗಿ!"

ಮನೆಗೆ ಬಂದು ನಗುತ್ತಾ ಹೇಳಿದೆ. ಹೆಂಡತಿ ನಗಲಿಲ್ಲ. ಒಲೆ ಊದುತ್ತಲೇ, "ಊರ ಮಂದಿ ಮನ್ಯಾಗೆಲ್ಲಾ ನನ್ನ ಅಳತಿ ಐತಿ. ನನ್ನ ಮನ್ಯಾಗ ಒಂದ ಇಲ್ಲ ನೋಡ್ರಿ" ಎಂದಳು. ನನಗೆ ಚುರುಕ್ಕೆಂದಿತು. ಆದರೂ ಮರುದಿನ ಬೇರೆಯವರ ಕೆಲಸಕ್ಕೇ ಹೋದೆ.

೩. ನಮ್ಮ ಕಟ್ಟೆ

ಮುಂದಿನ ವಾರ, ಮುಂದಿನ ವಾರ ಎನ್ನುತ್ತಲೇ ಎಂಟು ವರ್ಷ ಕಳೆದವು. ಒಂದು ಮಧ್ಯಾಹ್ನ ಹಸಿದು ಬಂದರೆ ಒಲೆ ತಣ್ಣಗಿತ್ತು, ಹೆಂಡತಿ ಇರಲಿಲ್ಲ. ಹುಡುಕಿಕೊಂಡು ಹೋದರೆ ಅಕ್ಕೋರ ಮನೆಯಲ್ಲಿದ್ದಳು. ಅಕ್ಕೋರು ಆರಾಮಾಗಿ ಕೂತು ಪೇಪರ್ ಓದುತ್ತಿದ್ದರು. ಇವಳು ನಮ್ಮ ಮನೆಯ ಹಿಟ್ಟನ್ನೇ ತಂದು, ಕಟ್ಟೆಯ ಮುಂದೆ ನಿಂತು ರೊಟ್ಟಿ ಬಡಿಯುತ್ತಿದ್ದಳು.

"ಎಷ್ಟ ಚಂದ ಐತ್ರಿ ಇದು! ಕೈ ತಾನ ಓಡತೈತಿ. ಊಟಕ್ಕ ಇಲ್ಲೇ ಕುಂದರ್ರಿ" ಎಂದಳು.

ಅವಳ ಮುಖದಲ್ಲಿ ಅಂಥ ಸಂತೋಷ ನಮ್ಮ ಒಲೆಯ ಮುಂದೆ ನಾನು ಒಂದು ದಿನವೂ ಕಂಡಿರಲಿಲ್ಲ. ನಾಚಿಕೆಯಾಯಿತು. ಮರುದಿನವೇ ನಮ್ಮ ಮನೆಯಲ್ಲಿ ಕೆಲಸ ಹಿಡಿದೆ.

ಕಟ್ಟೆ ಒಣಗಿ ಗ್ಯಾಸ್ ಒಲೆ ಬಂದ ದಿನ ಅವಳು ಕಲ್ಲಿನ ಮೇಲೆ ಈ ತುದಿಯಿಂದ ಆ ತುದಿಗೆ ಅಂಗೈ ಆಡಿಸಿದಳು. ಕಣ್ಣು ಒರೆಸಿಕೊಂಡಳು. ಆಮೇಲೆ ಟಣ್ಣನೆ ಹಾರಿ ಮೇಲೆ ಕೂತು ಕಾಲು ಇಳಿಬಿಟ್ಟಳು.

"ಇಳಿ, ರೊಟ್ಟಿ ಮಾಡು" ಎಂದೆ.

"ಎಂಟ ವರ್ಷ ಇದರ ಸಲುವಾಗಿ ಕಾಯ್ದೇನ್ರಿ. ಇವತ್ತ ನಾ ಕುಂದರಾಕಿ. ನಿಂತ ಬಡಿಯವರು ನೀವು."

ಬಡಿದೆ. ಆಗಲೇ ಗೊತ್ತಾಯಿತು, ಕಟ್ಟೆ ನನಗೆ ಒಂದು ಗೇಣು ಗಿಡ್ಡ. ಮೂರನೇ ರೊಟ್ಟಿಗೆ ನಡ ಹಿಡಿದುಕೊಂಡು ನೆಟ್ಟಗಾದೆ.

ಅವಳು ಕಾಲಾಡಿಸುತ್ತಾ, "ಅಳತಿ ಬರೋಬ್ಬರಿ ಐತ್ರಿ" ಎಂದಳು.