ಅಮೀನರ ಮನೆಗೆ ಆಮೆ ಬಂತು

ಬಳ್ಳಾರಿಯಲ್ಲಿ ಯಾರೂ ಕರೆಯದಿದ್ದರೆ ನಮ್ಮ ಸೋದರಮಾವ ಯಾರ ಮನೆಗಾದರೂ ನುಗ್ಗುತ್ತಿದ್ದರು. ಕರೆದರೆ ಮಾತ್ರ ಒಳಗೆ ಕಾಲಿಡುತ್ತಿರಲಿಲ್ಲ! ಅವರು ಕೋರ್ಟಿನಲ್ಲಿ ಅಮೀನರು. ಹುಕುಂ ಹಿಡಿದು ಹೋಗಿ ಜನರ ಎತ್ತು, ಬಂಡಿ, ತಾಮ್ರದ ಹಂಡೆ ಜಪ್ತಿ ಮಾಡುವುದು ಅವರ ನೌಕರಿ. ಆದರೆ ಮದುವೆ, ತೊಟ್ಟಿಲು ಎಂದು ನೆಂಟರು ಕರೆದರೆ ಹೊರಗಿನ ಕಟ್ಟೆಯ ಮೇಲೆ ಕೂತುಬಿಡುವರು. "ಒಳಗ ಬರ್ರಿ" ಎಂದರೆ, "ಇಲ್ಲೇ ಇರ್ತೀನಿ ಬಿಡ್ರಿ, ಗಾಳಿ ಚಲೋ ಐತಿ" ಎನ್ನುವರು. ಬಳ್ಳಾರಿಯ ಬೇಸಿಗೆಯಲ್ಲಿ ಗಾಳಿ! ಊಟವನ್ನೂ ಅಲ್ಲಿಗೇ ತರಿಸಿಕೊಳ್ಳುತ್ತಿದ್ದರು. ಎಪ್ಪತ್ತರ ಆಸುಪಾಸಿನಲ್ಲಿ ನಾನು ಅವರ ಬ್ರೂಸ್‌ಪೇಟೆಯ ಮನೆಯಲ್ಲಿದ್ದು ಕಾಲೇಜು ಓದುತ್ತಿದ್ದೆ. ಇದು ಮಾವನ ಹತ್ತು ಹುಚ್ಚುಗಳಲ್ಲಿ ಒಂದು ಎಂದುಕೊಂಡಿದ್ದೆ.

ಹನ್ನೊಂದನೆಯದು ಸಿರುಗುಪ್ಪದ ಬಸ್ಸಿನಲ್ಲಿ ಬಂತು. ದೇಶನೂರಿಗೆ ಕೋರ್ಟಿನ ಕೆಲಸಕ್ಕೆ ಹೋಗಿದ್ದ ಮಾವ ಒದ್ದೆ ಗೋಣಿಚೀಲ ಹಿಡಿದು ಇಳಿದರು. ಕಾಲುವೆಗೆ ನೀರು ನಿಲ್ಲಿಸಿದ್ದರಂತೆ; ಆರುತ್ತಿದ್ದ ಕೆಸರಿನಲ್ಲಿ ಆಮೆಯೊಂದು ಸಿಕ್ಕಿಬಿದ್ದಿತ್ತಂತೆ. ಅದನ್ನು ಮನೆಗೆ ಒಯ್ಯಲು ಊರಿನವರು ಯಾರೂ ಒಪ್ಪಲಿಲ್ಲವಂತೆ.

ಅತ್ತೆ ಚೀಲದೊಳಗೆ ಇಣುಕಿದವರೇ ಬಾಗಿಲಿಗೆ ಅಡ್ಡ ನಿಂತರು.

"ಆಮಿ ಹೊಕ್ಕ ಮನಿ, ಅಮೀನ ಹೊಕ್ಕ ಮನಿ ಉದ್ಧಾರ ಆಗಂಗಿಲ್ಲಂತ ಹಿರೇರು ಸುಮ್ನ ಅಂದಾರೇನ್ರಿ?"

"ಅಮೀನ ಹೊಕ್ಕು ಇಪ್ಪತ್ತು ವರ್ಷ ಆತು. ಮನಿ ಇನ್ನೂ ನಿಂತೈತಲ್ಲ! ಇದೂ ಒಂದಿರಲಿ ಬಿಡು."

"ಒಂದ ಸಾಕಾಗಿತ್ತು ನನಗ!"

ಕಾಲುವೆಗೆ ನೀರು ಬರುವ ತನಕ ಮಾತ್ರ ಎಂಬ ಕರಾರಿನ ಮೇಲೆ ಆಮೆ ಬಚ್ಚಲ ಬಾನಿಗೆ ಇಳಿಯಿತು. ಬಾನಿಯ ನುಣುಪು ಗೋಡೆ ಹತ್ತಲಾರದೆ ದಿನವಿಡೀ ಪರಪರ ಕೆರೆಯುತ್ತಿತ್ತು. ಮಾವನಿಗೆ ಅದನ್ನು ನೋಡಲಾಗಲಿಲ್ಲ. ಕುರುಗೋಡಿಗೆ ಹೋಗಿ, ಕಲ್ಲಿನ ದೋಣಿಯೊಂದನ್ನು ಕಡೆದುಕೊಡಲು ಕಲ್ಲುಕುಟಿಗನಿಗೆ ಹೇಳಿದರು.

"ನೀರು ಕುಡಿಯೋ ದನ ಎಷ್ಟದಾವ್ರಿ?" ಎಂದು ಆತ ಕೇಳಿದ.

"ದನ ಅಲ್ಲಪ, ಒಂದ ಆಮಿ. ನೀರಾಗಿಂದ ಮ್ಯಾಲೆ ಬಂದು ಬಿಸಲು ಕಾಯಿಸಾಕ ಒಂದ ಕಡಿ ಇಳಿಜಾರು ಇರಬೇಕು ನೋಡು."

"ಬಳ್ಳಾರಿಯಾಗ ಇದ್ದು ಬಿಸಲು ಕಾಯಿಸ್ತೈತೇನ್ರಿ? ಹಂಗಾದ್ರ ಅದಕ್ಕೂ ಹುಚ್ಚ ಹಿಡಿದೈತಿ ಬಿಡ್ರಿ!"

ದೋಣಿ ಎತ್ತಿನ ಬಂಡಿಯಲ್ಲಿ ಬಂತು. ಪಡಸಾಲೆಯನ್ನು ದಾಟಿಸಿ ಒಳಗಿನ ಅಂಗಳಕ್ಕೆ ಒಯ್ಯಬೇಕಲ್ಲ! ಹಮಾಲರು ಮೊದಲು ಮಂಚ, ಟ್ರಂಕು, ಹಂಡೆ ಎಲ್ಲವನ್ನೂ ಬೀದಿಗೆ ತಂದಿಟ್ಟರು. ಮಾವ ಅಭ್ಯಾಸಬಲದಿಂದ ಬೆನ್ನ ಹಿಂದೆ ಕೈ ಕಟ್ಟಿ, "ಹಂಡೆ ಈ ಕಡಿ ಇಡ್ರಿ, ಮಂಚ ಆ ಕಡಿ" ಎಂದು ಗದರುತ್ತ ನಿಂತರು. ಅಷ್ಟು ಸಾಕಾಯಿತು. ಅಮೀನರ ಮನೆಯೇ ಜಪ್ತಿಯಾಗುತ್ತಿದೆ ಎಂದು ಬ್ರೂಸ್‌ಪೇಟೆಗೆ ಬ್ರೂಸ್‌ಪೇಟೆಯೇ ನೆರೆಯಿತು! "ದೇವರು ಅದಾನ್ರಿ, ಅದಾನ!" ಎಂದು ಮೂಲೆಯ ಬೆಲ್ಲದಂಗಡಿಯವರು ಗಟ್ಟಿಯಾಗಿಯೇ ಹೇಳಿದರು. ಕೊನೆಗೆ ಸಾಮಾನೆಲ್ಲ ಮತ್ತೆ ಒಳಗೆ ಹೋದದ್ದನ್ನು ಕಂಡು ಅವರಿಗಾದ ಬೇಸರ ಅಷ್ಟಿಷ್ಟಲ್ಲ.

ದೋಣಿಯ ತಳಕ್ಕೆ ಹೊಳೆಯ ಮರಳು ಬಿತ್ತು, ಅರ್ಧಕ್ಕೆ ನೀರು ಬಿತ್ತು, ಒಂದು ಬದಿಗೆ ಈಚಲು ಚಾಪೆಯ ನೆರಳಾಯಿತು. ನಲ್ಲಿ ಬಂದ ದಿನ ಮೊದಲ ಕೊಡ ಆಮೆಗೆ, ಉಳಿದದ್ದು ನಮ್ಮ ಸ್ನಾನಕ್ಕೆ. ಅದರ ಊಟಕ್ಕೆ ಅತ್ತೆಯ ಎದುರು ರಾಜಗಿರಿ ಸೊಪ್ಪು, ಅತ್ತೆ ಮಠಕ್ಕೆ ಹೋದಾಗ ಎರೆಹುಳು. ಕಾಲುವೆಗೆ ನೀರು ಬಂತು. ಮಾವ "ನೀರು ರಾಡಿ ಐತಿ" ಎಂದರು. ರಾಡಿ ತಿಳಿಯಾದ ಮೇಲೆ "ಸೆಳವು ಜೋರೈತಿ" ಎಂದರು.

ಅಷ್ಟರಲ್ಲಿ ಮಾವನ ಮಗಳನ್ನು ನೋಡಲು ಸಿರಿಗೇರಿಯಿಂದ ಗಂಡಿನವರು ಬರುವುದು ಗೊತ್ತಾಯಿತು. ಅಮೀನರ ಮಗಳೆಂಬ ಕಾರಣಕ್ಕೇ ಹಿಂದೆ ಎರಡು ಸಂಬಂಧ ತಪ್ಪಿದ್ದವು. "ಅವತ್ತು ಅದು ಕಣ್ಣಿಗೆ ಬೀಳಬಾರದು. ಮರುದಿನ ಕಾಲುವಿಗೆ ಬಿಟ್ಟ ಬರ್ರಿ" ಎಂದು ಅತ್ತೆ ಕಡ್ಡಿ ಮುರಿದಂತೆ ಹೇಳಿದರು. ಆ ದಿನ ಬೆಳಿಗ್ಗೆ ಮಾವ ದೋಣಿಗೆ ಹಲಗೆ ಮುಚ್ಚಿದರು.

ಗಂಡಿನವರು ಬಂದು ಪಡಸಾಲೆಯಲ್ಲಿ ಕೂತರು. ಹುಡುಗಿಯ ಅಪ್ಪನೇ ನಾಪತ್ತೆ! ಹುಡುಕಿಕೊಂಡು ಹೊರಗೆ ಬಂದರೆ, ಮಾವ ತಮ್ಮದೇ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ನನ್ನ ಹಿಂದೆಯೇ ಅತ್ತೆ ಬಂದರು.

"ಇದೇನ್ರಿ, ಮಂದಿ ಬಂದು ಕುಂತಾರ, ನೀವಿಲ್ಲಿ?"

"ನೀನ ಮಾತಾಡು. ನಾ ಇಲ್ಲೇ ಇರ್ತೀನಿ. ಗಾಳಿ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಮೆಲ್ಲಗೆ ಹೇಳಿದರು: "ಆಮಿನ ಮುಚ್ಚಿಟ್ಟು ಅಮೀನ ಎದುರಿಗೆ ಕುಂತ್ರ ಹ್ಯಾಂಗ? ಶುಭಕಾರ್ಯ. ಈ ಸಲನಾದ್ರೂ ಹುಡುಗಿದು ಕೂಡಿ ಬರಲಿ."

ಇಷ್ಟು ವರ್ಷ ನೆಂಟರ ಕಟ್ಟೆಗಳ ಮೇಲೆ ಅವರು ಯಾವ ಗಾಳಿಗೆ ಕೂತಿದ್ದರೆಂದು ನನಗೆ ಆಗ ತಿಳಿಯಿತು.

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಂದವರ ಮುಂದೆಯೇ ಅಂಗಳಕ್ಕೆ ಹೋಗಿ, ದೋಣಿಯ ಹಲಗೆ ತೆಗೆದು ಗೋಡೆಗೆ ಆನಿಸಿದರು. ಆಮೆ ಇಳಿಜಾರು ಹತ್ತಿ ಬಂದು ಕತ್ತು ಚಾಚಿತು. ಗಂಡಿನ ಕಡೆಯ ಹಿರಿಯರು, "ನಮ್ಮ ಗದ್ದಿಯಾಗ ಇವು ದಿನಾ ಕಾಲಿಗೆ ತೊಡರತಾವ್ರಿ" ಎಂದು ಚಹಾ ಕುಡಿಯುತ್ತ ಕೂತರು.

ಅತ್ತೆ ಮತ್ತೆ ಬಾಗಿಲಿಗೆ ಬಂದರು.

"ಅದರ ಹಲಗಿ ತಗದೀನಿ. ಇನ್ನ ನೀವೂ ಒಳಗ ಬರ್ರಿ."

ಮಾವ ಟವೆಲಿನಿಂದ ಮುಖ ಒರೆಸಿಕೊಂಡು ಎದ್ದರು. ಕರೆದಾಗ ಅವರು ಒಳಗೆ ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು.